ಅಂಕಿತ ಯಾರದು, ಕೈ ಯಾರದು?

ಹಾನಗಲ್ಲಿನ ಪೇಟೆಯಲ್ಲಿ ಫೋಟೋಗಳಿಗೆ ಫ್ರೇಮ್ ಹಾಕಿಕೊಡುವ ಸಣ್ಣ ಅಂಗಡಿಯೊಂದಿದೆ. ಮಕ್ಕಾ ಮದೀನಾದ ಚಿತ್ರಗಳು, ಸಿದ್ಧಾರೂಢರು, ಲಕ್ಷ್ಮಿ, ಅಂಬೇಡ್ಕರ್, ಹಾನಗಲ್ ಕುಮಾರಸ್ವಾಮಿಗಳು ಎಲ್ಲರೂ ಅಲ್ಲಿ ಒಂದೇ ಗೋಡೆಗೆ ಒರಗಿ ಗಿರಾಕಿಗಳಿಗಾಗಿ ಕಾಯುತ್ತಿರುತ್ತಾರೆ. ಅವರ ನಡುವೆ ದೀಪ ಹಿಡಿದು ನಿಂತ ಒಬ್ಬ ಹೆಣ್ಣುಮಗಳು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಬೆರಳ ಸಂದಿಯಿಂದ ಹಾಯ್ದ ಬೆಳಕು ಅವಳ ಮುಖಕ್ಕೂ ಸೀರೆಗೂ ಹರಡಿದೆ. ಕೆಳಗೆ ದಪ್ಪ ಅಕ್ಷರಗಳಲ್ಲಿ 'ರಾಜಾ ರವಿವರ್ಮ' ಎಂದು ಅಚ್ಚಾಗಿದೆ.

"ಇದು ರವಿವರ್ಮಂದಲ್ಲ, ಹಳದನಕರ ಅಂತ ಒಬ್ಬರು ಬರೆದದ್ದು" ಎಂದೆವು.

ಅಂಗಡಿಯವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಇರಬಹುದ್ರಿ ಸರ. ಆದ್ರ ರವಿವರ್ಮಂದು ಅಂದ್ರ ಮಾರಾಟ ಆಗ್ತೈತಿ. ಹಳದನಕರ ಅಂದ್ರ ಯಾರು ತೊಗೋತಾರ್ರಿ?" ಎಂದು ಒರೆಸುವ ಬಟ್ಟೆ ಕೈಗೆತ್ತಿಕೊಂಡ.

ಅವನನ್ನು ನಗುವ ಹಕ್ಕು ನಮಗಿಲ್ಲ. ಹಲವು ವರ್ಷಗಳ ಹಿಂದೆ ನಾವು ಬರೆದ ಕತೆಯೊಂದರಲ್ಲಿ ನಡುಮನೆಯ ಗೋಡೆಯ ಮೇಲೆ ಇದೇ ಚಿತ್ರ ತೂಗುತ್ತದೆ, ಮತ್ತು ಅಲ್ಲಿಯೂ ಅದು 'ರವಿವರ್ಮನ ದೀಪದ ಹುಡುಗಿ'ಯೇ. ಕತೆ ಅಚ್ಚಾದ ಮೇಲೆ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಕಾರ್ಡು ಬರೆದಿದ್ದರು. ಕತೆಯ ಬಗ್ಗೆ ಒಂದು ಮಾತೂ ಇರಲಿಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಹುಟ್ಟಿದ್ದು 1945-46ರಲ್ಲಿ, ನಲವತ್ತು ವರ್ಷಗಳ ನಂತರ ಸತ್ತವನು ಹೇಗೆ ಚಿತ್ರ ಬರೆದಾನು ಎಂದಷ್ಟೇ ಕೇಳಿದ್ದರು. ಆ ಕಾರ್ಡು ಇನ್ನೂ ನಮ್ಮ ಬಳಿ ಇದೆ.

ಸಾವಳಾರಾಮ ಲಕ್ಷ್ಮಣ ಹಳದನಕರ ಹುಟ್ಟಿದ್ದು 1882ರಲ್ಲಿ, ಸಾವಂತವಾಡಿಯಲ್ಲಿ. ತೀರಿಕೊಂಡದ್ದು 1968ರಲ್ಲಿ. ದೀಪಾವಳಿಯ ಹೊತ್ತಿನಲ್ಲಿ ದೀಪ ಹಿಡಿದು ನಿಂತ ಮಗಳು ಗೀತಾಳನ್ನು ಕಂಡು ಅವಳನ್ನೇ ನಿಲ್ಲಿಸಿ ಈ ಚಿತ್ರ ಬರೆದರು. ಅದು ತೈಲಚಿತ್ರವಲ್ಲ, ಜಲವರ್ಣ. ಅಷ್ಟು ಕತ್ತಲೆಯನ್ನು ಜಲವರ್ಣದಲ್ಲಿ ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನು ಕುಂಚ ಹಿಡಿದವರೇ ಹೇಳಬೇಕು. ಮೂಲ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿದೆ. ಅದೇ ಗ್ಯಾಲರಿಯಲ್ಲಿ ರವಿವರ್ಮನ ನಿಜವಾದ ಚಿತ್ರಗಳೂ ಇವೆ. ಒಂದೇ ಸೂರಿನಡಿ ಇದ್ದುದಕ್ಕೆ ದೊಡ್ಡ ಹೆಸರು ಸಣ್ಣ ಹೆಸರನ್ನು ನುಂಗಿತು. ಚಿತ್ರದ ಹುಡುಗಿ ನೂರು ವರ್ಷ ದಾಟಿ ಬದುಕಿ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ತನ್ನನ್ನು ಬರೆದವನು ತನ್ನ ಅಪ್ಪನಲ್ಲ, ರವಿವರ್ಮ ಎಂದು ಊರೆಲ್ಲ ಹೇಳುವುದನ್ನು ಆ ತಾಯಿ ಎಷ್ಟು ಸಲ ಕೇಳಿರಬೇಕು!

ಇಲ್ಲಿ ಪ್ರಯೋಗಾಲಯ ಬೇಕಾಗಿರಲಿಲ್ಲ, ಎರಡು ಇಸವಿಗಳನ್ನು ಕಳೆದರೆ ಸಾಕಿತ್ತು. ಎಲ್ಲ ಚಿತ್ರಗಳ ವಿಷಯದಲ್ಲಿ ಲೆಕ್ಕ ಇಷ್ಟು ಸುಲಭವಲ್ಲ.

ನಮ್ಮ ನಾಲ್ಕು ತಾಲೂಕುಗಳ ಜನರಿಗೆ ಈ ಸಮಸ್ಯೆಯನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫಜ್ಜನ ಪದಗಳು ಬಾಯಿಂದ ಬಾಯಿಗೆ ಬಂದವು. ಕೊನೆಗೆ 'ಶಿಶುನಾಳಧೀಶ' ಎಂದು ಬಂದರೆ ಅದು ಶರೀಫರದು ಎಂದು ಭಜನಾ ಮಂಡಳಿಗಳು ಒಪ್ಪಿಕೊಳ್ಳುತ್ತವೆ. ಆದರೆ ಅಂಕಿತವನ್ನು ಯಾರು ಬೇಕಾದರೂ ಸೇರಿಸಬಹುದಲ್ಲ? ಹಿರೇಕೆರೂರು ಸೀಮೆಯ ಸರ್ವಜ್ಞನ ಕತೆ ಇನ್ನೂ ದೊಡ್ಡದು. ಅವನ ಊರು ಅಬಲೂರೋ ಮಾಸೂರೋ ಎಂಬ ಜಗಳ ಒಂದು ಕಡೆ, 'ಸರ್ವಜ್ಞ' ಎಂದು ಮುಗಿಯುವ ತ್ರಿಪದಿಗಳಲ್ಲಿ ಅವನವು ಎಷ್ಟು ಎಂಬ ಪ್ರಶ್ನೆ ಇನ್ನೊಂದು ಕಡೆ. ಕ್ರೈಸ್ತ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಹಸ್ತಪ್ರತಿಗಳನ್ನೂ ಬಾಯಿಪಾಠಗಳನ್ನೂ ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಚಿತ್ರ ಸಂರಕ್ಷಕನೂ ಉತ್ತಂಗಿಯವರ ದಾರಿಯಲ್ಲೇ ನಡೆಯುವವನು. ಅವನ ಹಸ್ತಪ್ರತಿ ಬಣ್ಣದ ಪದರುಗಳಲ್ಲಿರುತ್ತದೆ, ಅಷ್ಟೇ.

ಚಿತ್ರದ ಮೇಲಿನ ರುಜು ಒಂದು ಅಂಕಿತ. ಅದು ನಿಜವಿರಬಹುದು, ಆಮೇಲೆ ಸೇರಿಸಿದ್ದಿರಬಹುದು. ಹಾಲೆಂಡಿನ ಯೂಡಿತ್ ಲೈಸ್ಟರ್ ಎಂಬ ಚಿತ್ರಕಾರ್ತಿ 1660ರಲ್ಲಿ ತೀರಿಕೊಂಡ ಮೇಲೆ ಅವಳ ಚಿತ್ರಗಳು ಫ್ರಾನ್ಸ್ ಹಾಲ್ಸ್ ಎಂಬ ಪ್ರಸಿದ್ಧನ ಹೆಸರಿನಲ್ಲಿ ಮಾರಾಟವಾದವು. 1893ರಲ್ಲಿ ಹಾಫ್‌ಸ್ಟೆಡ್ ದ ಗ್ರೂಟ್ ಎಂಬ ವಿದ್ವಾಂಸ ಅಂಥ ಒಂದು ಚಿತ್ರದ ಮೇಲೆ ಅವಳ ಹೆಸರಿನ ಮೊದಲಕ್ಷರವನ್ನೂ ಪಕ್ಕದ ಸಣ್ಣ ನಕ್ಷತ್ರವನ್ನೂ ಗುರುತಿಸಿದ. ಲೈಸ್ಟರ್ ಎಂದರೆ ದಾರಿ ತೋರುವ ನಕ್ಷತ್ರ. ಎರಡು ಶತಮಾನಕ್ಕೂ ಮೀರಿ ಅದು ಕಣ್ಣ ಮುಂದೆಯೇ ಇತ್ತು, ನೋಡಿದವರು ಇರಲಿಲ್ಲ. ಹಾನಗಲ್ಲಿನ ಅಂಗಡಿಯವನ ತರ್ಕವೇ ಅಲ್ಲಿಯೂ ನಡೆದಿತ್ತು.

ಈಗ ನಮ್ಮ ಸೀಮೆಗೆ ಹತ್ತಿರದ ವಿಷಯಕ್ಕೆ ಬರೋಣ. ಸವಣೂರಿನ ನವಾಬರ ಮೂಲ ಬಿಜಾಪುರದ ದರಬಾರಿನಲ್ಲಿದೆ. ಆದಿಲಶಾಹಿಯ ಸರದಾರ ಬಹಲೋಲಖಾನ್ ಅಬ್ದುಲ್ ಕರೀಮನ ಮಗ ಅಬ್ದುಲ್ ರವೂಫ್ ಖಾನ್ 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಔರಂಗಜೇಬನಿಂದ ಬಂಕಾಪುರದ ಜಹಗೀರು ಪಡೆದವನು. ಹೀಗಾಗಿ ಶಿಗ್ಗಾಂವಿಯ ಬಂಕಾಪುರ ಕೋಟೆಯಿಂದ ಸವಣೂರಿನ ಗಲ್ಲಿಗಳವರೆಗೆ ನಮ್ಮ ಹಿರಿಯರ ಮಾತಿನಲ್ಲಿ ಬಿಜಾಪುರ ದೂರದ ಊರಾಗಿರಲಿಲ್ಲ. ಆದರೆ ಕೇಳಿದರೆ ನಾವು ಹೇಳುವುದು ಸುಲ್ತಾನರ ಹೆಸರು, ಗೋಳಗುಮ್ಮಟದ ಅಳತೆ. ಆ ದರಬಾರಿನಲ್ಲಿ ಕುಂಚ ಹಿಡಿದವರ ಒಂದು ಹೆಸರೂ ನಮ್ಮ ನಾಲಿಗೆಗೆ ಬರುವುದಿಲ್ಲ.

ನಾವು ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಎಂಟನೆಯದಕ್ಕೆ ಕನ್ನಡಕ್ಕೆ ಬಂದವರು. ಬಿಜಾಪುರದ ಚಿತ್ರಗಳ ಅಂಚಿನ ಸಣ್ಣ ಬರಹಗಳನ್ನು ಮೊದಲ ಸಲ ಪುಸ್ತಕದಲ್ಲಿ ಕಂಡಾಗ ಆ ಶಾಲೆಯ ಋಣ ನೆನಪಾಯಿತು. ಹಳೆಯ ಚಿತ್ರಕಾರರು ತಮ್ಮ ಹೆಸರಿನ ಹಿಂದೆ 'ಅಮಲ್' ಎಂದು ಬರೆಯುತ್ತಿದ್ದರು, ಇಲ್ಲವೆ 'ರಖಮ್' ಎಂದು. ಅಮಲ್ ಎಂದರೆ ಕೆಲಸ, ಇಂಥವನ ಕೈಕೆಲಸ. ಅದು ನಮ್ಮ ಅಮಲ್ದಾರನಲ್ಲಿ, ಕೋರ್ಟಿನ ಅಮಲ್‌ಬಜಾವಣಿಯಲ್ಲಿ ಇರುವ ಪದವೇ. ರಖಮ್ ಎಂದರೆ ಬರೆದದ್ದು. ಸವಣೂರಿನ ಎಲೆ ವ್ಯಾಪಾರಿಗೆ ರಕಮು ಎಂದರೆ ದುಡ್ಡು, ಚಿತ್ರಕಾರನಿಗೆ ಅದೇ ಪದ ತನ್ನ ಕೈಬರಹದ ಸಾಕ್ಷಿ.

ಆದರೆ ಹೆಸರು ಕಂಡಕೂಡಲೇ ನಂಬುವ ಹಾಗಿಲ್ಲ. ಕಲಾವಿದನೇ ಬರೆದ ಹೆಸರು ಒಂದು ಬಗೆ. ಚಿತ್ರ ಬಾದಶಹನ ಕುತುಬ್‌ಖಾನೆಗೆ ಸೇರಿದಾಗ ಅಲ್ಲಿಯ ದರೋಗಾ ಬರೆಸಿದ ಹೆಸರು ಇನ್ನೊಂದು ಬಗೆ. ಬೆಲೆ ಹೆಚ್ಚಲಿ ಎಂದು ನೂರು ವರ್ಷದ ಮೇಲೆ ವ್ಯಾಪಾರಿ ಸೇರಿಸಿದ್ದು ಮೂರನೆಯದು. ಇರಾನಿನ ಬಿಹ್ಜಾದನ ಹೆಸರು ಹೊತ್ತು ತಿರುಗುವ ಚಿತ್ರಗಳಲ್ಲಿ ಅವನು ಮುಟ್ಟಿಯೂ ನೋಡದವು ಎಷ್ಟೋ. ಅಕ್ಷರದ ಶೈಲಿ, ಮಸಿ, ಅದು ಬಣ್ಣದ ಮೇಲೆ ಕೂತಿದೆಯೋ ಬಣ್ಣದ ಅಡಿಗಿದೆಯೋ, ಹಾಳೆಯನ್ನು ಆಲ್ಬಮ್ಮಿಗೆ ಅಂಟಿಸುವ ಮೊದಲು ಬರೆದದ್ದೋ ನಂತರದ್ದೋ ಎಂಬುದನ್ನೆಲ್ಲ ನೋಡಬೇಕು. ಅಂಟಿಸಿದ ಹಾಳೆಯ ಬೆನ್ನಿನಲ್ಲಿ ಏನಿದೆ ಎಂಬುದು ಸಂರಕ್ಷಕ ಅದನ್ನು ಜಾಗರೂಕತೆಯಿಂದ ಬಿಡಿಸುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಫರ್ರುಖ್ ಬೇಗನ ಕತೆ ಕೇಳಿ. ಅವನು 1585ರಲ್ಲಿ ಕಾಬೂಲಿನಿಂದ ಅಕ್ಬರನ ದರಬಾರಿಗೆ ಬಂದವನು. ಸುಮಾರು 1600ರ ನಂತರ ಮೊಗಲ್ ದಾಖಲೆಗಳಲ್ಲಿ ಅವನ ಸುಳಿವಿಲ್ಲ. 1609ರಲ್ಲಿ ಜಹಾಂಗೀರ್ ಅವನಿಗೆ ಎರಡು ಸಾವಿರ ರೂಪಾಯಿ ಕೊಟ್ಟದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಡುವಿನ ವರ್ಷಗಳಲ್ಲಿ ಅವನು ಎಲ್ಲಿದ್ದ? ಇತ್ತ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದ ಕವಿ ಜುಹೂರಿ, ಫರ್ರುಖ್ ಹುಸೇನ್ ಎಂಬ ಚಿತ್ರಕಾರನನ್ನು ಹೊಗಳಿದ್ದಾನೆ. 1957ರಲ್ಲಿ ರಾಬರ್ಟ್ ಸ್ಕೆಲ್ಟನ್ ಎಂಬ ಇಂಗ್ಲಿಷ್ ವಿದ್ವಾಂಸರು ಈ ಇಬ್ಬರೂ ಒಬ್ಬನೇ ಎಂದು ವಾದಿಸಿದರು. ಮರದ ಎಲೆಗಳನ್ನು ಬರೆಯುವ ರೀತಿ, ಬಟ್ಟೆಯ ಮಡಿಕೆ, ಬಂಡೆಗಳ ಬಣ್ಣ, ದರಬಾರಿ ದಾಖಲೆಯ ಆ ಖಾಲಿ ವರ್ಷಗಳು ಅವರ ಸಾಕ್ಷಿಗಳು. ಎಲ್ಲರೂ ಒಪ್ಪಲಿಲ್ಲ. ಇಬ್ಬರು ಫರ್ರುಖರು ಇರಬಾರದೇಕೆ ಎಂದವರಿದ್ದರು. ಆ ಪ್ರಶ್ನೆಯೂ ನ್ಯಾಯವಾದದ್ದೇ.

ಪ್ರಾಗ್ ನಗರದ ನಾಪ್ರಸ್ತೆಕ್ ಮ್ಯೂಜಿಯಮ್ಮಿನಲ್ಲಿ ಒಂದು ಹಾಳೆಯಿದೆ. ಇಬ್ರಾಹಿಂ ಆದಿಲಶಾಹ ಕುಳಿತು ತಂಬೂರ ನುಡಿಸುತ್ತಿದ್ದಾನೆ. ತನ್ನ ವಾದ್ಯಕ್ಕೆ ಮೋತಿಖಾನ್, ತನ್ನ ಆನೆಗೆ ಆತಶ್‌ಖಾನ್ ಎಂದು ಹೆಸರಿಟ್ಟ, 'ಕಿತಾಬೆ ನವರಸ' ಬರೆದ ನಮ್ಮ ಅದೇ ಇಬ್ರಾಹಿಂ. ಹಾಳೆ ಮಾತ್ರ ಬಿಜಾಪುರದ ಪುಸ್ತಕದ್ದಲ್ಲ, ಜಹಾಂಗೀರನ ಗುಲಶನ್ ಆಲ್ಬಮ್ಮಿನದು. ಅದರ ಮೇಲೆ ಮುಹಮ್ಮದ್ ಹುಸೇನ್ ಜರ್ರೀನ್ ಕಲಮ್ ಎಂಬ ಖುಷನವೀಸನ ಬರಹವಿದೆ, ಹಿಜರಿ 1019, ಅಂದರೆ 1610-11. ಇಬ್ರಾಹಿಮನ ಈ ಚಿತ್ರ ಫರ್ರುಖ್ ಬೇಗನದು ಎಂದು ಆ ಬರಹ ಹೇಳುತ್ತದೆ. ಕಲಾವಿದ ಬದುಕಿದ್ದಾಗಲೇ, ಅವನಿದ್ದ ದರಬಾರಿನಲ್ಲೇ ಹುಟ್ಟಿದ ಸಾಕ್ಷಿ ಇದು. ಸ್ಕೆಲ್ಟನ್ನರ ಊಹೆಗೆ ಇದರಿಂದ ಬಂದ ಬಲ ಸಣ್ಣದಲ್ಲ. 1990ರ ದಶಕದಲ್ಲಿ ಜಾನ್ ಸೇಲರ್ ಈ ಎಲ್ಲ ಹಾಳೆಗಳನ್ನೂ ಬರಹಗಳನ್ನೂ ಮತ್ತೆ ಕೂಡಿಸಿ ಫರ್ರುಖನ ದಖ್ಖನಿನ ವರ್ಷಗಳನ್ನು ಬಿಡಿಸಿಟ್ಟರು.

ಇನ್ನೊಬ್ಬನಿಗೆ ಹೆಸರೇ ಇರಲಿಲ್ಲ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಅವನ ಒಂದು ಚಿತ್ರವಿದ್ದುದರಿಂದ 1983ರ ತಮ್ಮ ದಖ್ಖನಿ ಚಿತ್ರಕಲೆಯ ಪುಸ್ತಕದಲ್ಲಿ ಮಾರ್ಕ್ ಜೆಬ್ರೊವ್‌ಸ್ಕಿ ಅವನನ್ನು 'ಬಾಡ್ಲಿಯನ್ ಚಿತ್ರಕಾರ' ಎಂದು ಕರೆದರು. ಬಿಜಾಪುರದ ಕಲಾವಿದನಿಗೆ ಆಕ್ಸ್‌ಫರ್ಡಿನ ಲೈಬ್ರರಿಯ ಹೆಸರು! ಅವನ ಕೈಯ ಗುಣ ಮತ್ತು ಹೆಸರು ಬರೆದ ಚಿತ್ರಗಳನ್ನು ಹೋಲಿಸಿ ಅವನು ಅಲಿ ರಜಾ ಎಂದು ಈಗ ಗುರುತಿಸುತ್ತಾರೆ. 2011ರಲ್ಲಿ ಕೀಲನ್ ಓವರ್ಟನ್ ಅವನ ಬಗ್ಗೆ ಬರೆದ ಲೇಖನದ ತಲೆಬರಹದಲ್ಲಿ ಅಲಿ ರಜಾ ಮೊದಲು ಬಂದ, ಬಾಡ್ಲಿಯನ್ ಕಂಸದೊಳಗೆ ಹೋಯಿತು. ನಮಗೆ ಇದು ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ನಾಲ್ಕು ಶತಮಾನಗಳ ಮೇಲೆ ಒಬ್ಬ ಕೆಲಸಗಾರನ ಹೆಸರು ಅವನಿಗೆ ವಾಪಸು ಸಿಕ್ಕಿದೆ.

ಕೆಲವೊಮ್ಮೆ ತಕ್ಕಡಿ ಆ ಕಡೆಗೂ ವಾಲುತ್ತದೆ, ಅದನ್ನೂ ಹೇಳಬೇಕು. ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿರುವ, 1570ರ ಬಿಜಾಪುರದ ಸಚಿತ್ರ ಗ್ರಂಥ 'ನುಜೂಮುಲ್ ಉಲೂಮ್' ಬರೆದವನು ಯಾವನೋ ಆಸ್ಥಾನದ ಪಂಡಿತನಲ್ಲ, ಸ್ವತಃ ಮೊದಲನೆಯ ಅಲಿ ಆದಿಲಶಾಹ ಎಂದು ಎಮ್ಮಾ ಫ್ಲಾಟ್ 2011ರಲ್ಲಿ ವಾದಿಸಿದ್ದಾರೆ. ಪುರಾವೆ ರಾಜನ ಕಡೆ ಬೆರಳು ಮಾಡಿದರೆ ರಾಜನಿಗೇ ಕೊಡಬೇಕು. ಬಡವನ ಪಕ್ಷ ಎಂದು ಸುಳ್ಳು ಹೇಳುವುದು ವಿಮರ್ಶೆಯಲ್ಲ. ಆದರೆ ಗ್ರಂಥ ಬರೆದವನು ಸಿಕ್ಕಮಾತ್ರಕ್ಕೆ ಅದರ ಚಿತ್ರಗಳ ಲೆಕ್ಕ ಮುಗಿಯುವುದಿಲ್ಲ, ಅದು ಬೇರೆ ಕೈಗಳ ಮಾತು.

ಇಬ್ಬರು ಮಾತ್ರ ಯಾರ ಹಂಗಿಗೂ ಕಾಯಲಿಲ್ಲ. ಬಿಜಾಪುರ ಬೀಳುವ ಆರು ವರ್ಷ ಮೊದಲು, 1680ರಲ್ಲಿ, ಒಂಬತ್ತು ಜನ ಸುಲ್ತಾನರನ್ನೂ ಒಂದೇ ಹಾಳೆಯಲ್ಲಿ ಕೂಡಿಸಿ ಬರೆದ ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ತಮ್ಮ ಹೆಸರು ಹಾಕಿದರು. ರಾಜ್ಯ ಹೋಯಿತು, ಹಾಳೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಜಿಯಮ್ ಸೇರಿತು, ಹೆಸರು ಉಳಿಯಿತು.

ಹೆಸರೂ ಇಲ್ಲ, ದರಬಾರಿನ ದಾಖಲೆಯೂ ಇಲ್ಲ ಎಂದಾಗ ಬಣ್ಣವೇ ಬಾಯಿ ಬಿಡಬೇಕು. ಪ್ರಷ್ಯನ್ ನೀಲಿ ಎಂಬ ಬಣ್ಣ ಬರ್ಲಿನ್ನಿನಲ್ಲಿ ತಯಾರಾದದ್ದು ಹದಿನೆಂಟನೆಯ ಶತಮಾನದ ಆರಂಭದಲ್ಲಿ. ಇಬ್ರಾಹಿಮನ ಕಾಲದ್ದು ಎನ್ನುವ ಚಿತ್ರದಲ್ಲಿ ಅದು ಸಿಕ್ಕರೆ, ಒಂದೋ ಚಿತ್ರ ಆ ಕಾಲದ್ದಲ್ಲ, ಇಲ್ಲವೆ ಆಮೇಲೆ ಯಾರೋ ಅದನ್ನು ತಿದ್ದಿದ್ದಾರೆ. ಟೈಟೇನಿಯಮ್ ಬಿಳಿ ಮಾರುಕಟ್ಟೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅತಿನೇರಳೆ ಬೆಳಕಿನಲ್ಲಿ ಹಳೆಯ ಬಣ್ಣ ಒಂದು ರೀತಿ ಹೊಳೆದರೆ ಆಮೇಲಿನ ತೇಪೆ ಇನ್ನೊಂದು ರೀತಿ ಕಾಣುತ್ತದೆ. ಅವಕೆಂಪು ಕಿರಣ ಮೇಲಿನ ಬಣ್ಣವನ್ನು ದಾಟಿ ಅಡಿಯ ಇಂಗಾಲದ ಗೆರೆಯನ್ನು ತೋರಿಸುತ್ತದೆ. ಕಲಾವಿದ ಮೊದಲು ಕೈಯನ್ನು ಎಲ್ಲಿಟ್ಟಿದ್ದ, ಆಮೇಲೆ ಎಲ್ಲಿಗೆ ಸರಿಸಿದ ಎಂಬುದೂ ಅಲ್ಲಿರುತ್ತದೆ. ನಕಲು ಮಾಡುವವನು ಸಾಮಾನ್ಯವಾಗಿ ಹೀಗೆ ತಡವರಿಸುವುದಿಲ್ಲ, ಅವನ ಮುಂದೆ ಸಿದ್ಧ ಚಿತ್ರ ಇರುತ್ತದಲ್ಲ! ಕತೆಗಾರರಿಗೆ ಇದು ಚೆನ್ನಾಗಿ ಗೊತ್ತು. ಹೊಡೆದು ಹಾಕಿದ ಸಾಲುಗಳಿರುವ ಪ್ರತಿಯೇ ಮೂಲ ಪ್ರತಿ.

ಗೋಡೆಯ ಚಿತ್ರವಾದರೆ ತೊಡಕು ಹೆಚ್ಚು. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಅರಮನೆ. ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ, ಹೈದರ್ ಟಿಪ್ಪು ಸೇನೆಯ ನಡುವೆ ಸಿಕ್ಕಿಬಿದ್ದ ಕರ್ನಲ್ ಬೇಲಿ. ಶಾಲೆಯ ಪ್ರವಾಸದಲ್ಲಿ ನಮ್ಮನ್ನೆಲ್ಲ ಅದರ ಮುಂದೆ ನಿಲ್ಲಿಸಿ 'ಟಿಪ್ಪು ಕಾಲದ ಚಿತ್ರ' ಎಂದಿದ್ದರು. ಪೂರ್ತಿ ನಿಜವಲ್ಲ. 1799ರ ಮುತ್ತಿಗೆಗೆ ಮೊದಲೇ ಅದು ವಿರೂಪಗೊಂಡಿತ್ತು. ಆಮೇಲೆ ಅಲ್ಲಿ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ ದುರಸ್ತಿ ಮಾಡಿಸಿದ. ಮತ್ತೆ ಹಾಳಾಯಿತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೊಮ್ಮೆ ಬರೆಸಲು ಹುಕುಂ ಮಾಡಿದ, ಮೂಲ ಚಿತ್ರ ನೆನಪಿದ್ದ ಒಬ್ಬ ದೇಶೀ ಕಲಾವಿದ ಬರೆದುಕೊಟ್ಟ ಎಂದು ರೈಸರ ಗೆಜೆಟಿಯರ್ ಹೇಳುತ್ತದೆ.

ಯೋಚಿಸಿ. ಇಂಗ್ಲಿಷರ ಸೋಲಿನ ಚಿತ್ರವನ್ನು ಇಂಗ್ಲಿಷರೇ ಎರಡು ಸಲ ಬರೆಸಿದರು. ನಡುವೆ ನಿಂತು ನೆನಪಿನಿಂದ ಬರೆದವನ ಹೆಸರು ಗೆಜೆಟಿಯರಿನಲ್ಲಿ ಇಲ್ಲ, ವೆಲ್ಲೆಸ್ಲಿಯದೂ ಡಾಲ್‌ಹೌಸಿಯದೂ ಇವೆ. ಹಾಗಾದರೆ ಆ ಗೋಡೆಯ ಕರ್ತೃ ಯಾರು? ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಈ ಪ್ರಶ್ನೆ ಕೇಳಿದ್ದನ್ನು ನಾವು ಕಂಡಿಲ್ಲ. ಅದೇ ಯುದ್ಧದ, ಹತ್ತು ಹಾಳೆಗಳಲ್ಲಿ ಬರೆದ ಮೂವತ್ತೆರಡು ಅಡಿ ಉದ್ದದ ಚಿತ್ರವೊಂದು 2022ರ ಮಾರ್ಚಿನಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ ಆರು ಲಕ್ಷ ಮೂವತ್ತು ಸಾವಿರ ಪೌಂಡಿಗೆ ಹೋಯಿತು. ಪತ್ರಿಕೆಗಳು ಟಿಪ್ಪು ಎಂದವು, ಬೇಲಿ ಎಂದವು, ಬೆಲೆ ಎಂದವು. ಕಾಗದದ ಪ್ರತಿ ಮತ್ತು ಗೋಡೆಯ ಪದರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕುದುರೆ ಹಳೆಯ ಕೈಯದು, ಯಾವ ಮುಖ ಡಾಲ್‌ಹೌಸಿಯ ಕಾಲದ್ದು ಎಂದು ಸ್ವಲ್ಪವಾದರೂ ಬಿಡಿಸಲು ಸಾಧ್ಯ. ಹಾಗೆಂದು ಮೇಲಿನ ಪದರನ್ನು ಕಿತ್ತೆಸೆಯುವಂತಿಲ್ಲ. ನೆನಪಿನಿಂದ ಬರೆದ ಆ ಅನಾಮಿಕನೂ ಕಲಾವಿದನೇ.

ಒಂದೇ ಕೈ ಎಂದು ಹುಡುಕುವುದೂ ಒಮ್ಮೊಮ್ಮೆ ತಪ್ಪು. ಶಿಗ್ಗಾಂವಿ ಹತ್ತಿರ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರು ರೂಪಿಸಿದ ರಾಕ್ ಗಾರ್ಡನ್ನಿನ ಸಿಮೆಂಟಿನ ಎತ್ತು, ಅಜ್ಜಿ, ಕುಸ್ತಿಪಟುಗಳನ್ನು ನೋಡಿದವರಿಗೆ ಗೊತ್ತು, ಕಲ್ಪನೆ ಒಬ್ಬರದು, ಅಚ್ಚು ಹೊಯ್ದ ಬಣ್ಣ ಬಳಿದ ಕೈ ಹಲವರದು. ಹಳೆಯ ಕಾರಖಾನೆಗಳೂ ಹೀಗೆಯೇ ಇದ್ದವು. ಆದರೂ ಹೆಸರು ಕೊರೆದಿಡುವ ಧೈರ್ಯ ನಮ್ಮ ನೆಲಕ್ಕೆ ಹೊಸದಲ್ಲ. ಹಿರೇಕೆರೂರಿನ ಗಡಿ ದಾಟಿದರೆ ಸಿಗುವ ಬಳ್ಳಿಗಾವಿಯಿಂದ ಹೋದ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನ ಶಿಲ್ಪಗಳಡಿ ತಮ್ಮ ಹೆಸರು ಕೆತ್ತಿದರು. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಮಲದ ಛತ್ತನ್ನು ಕತ್ತೆತ್ತಿ ನೋಡುವಾಗಲೆಲ್ಲ ನಮ್ಮ ಕಣ್ಣು ಮೂಲೆಗಳಲ್ಲಿ ಅಕ್ಷರ ಹುಡುಕುತ್ತದೆ.

ಅಕ್ಷರ ಉಳಿಯಬೇಕಾದರೆ ಮೈ ಉಳಿಯಬೇಕು. ಗುಡಿಯ ಜೀರ್ಣೋದ್ಧಾರವಿರಲಿ, ದರ್ಗಾದ ಉರುಸಿರಲಿ, ನಮಗೆ ಗೊತ್ತಿರುವ ಸಂರಕ್ಷಣೆ ಒಂದೇ, ಡಬ್ಬಿ ಪೇಂಟು. ಮೈಸೂರಿನಲ್ಲಿ ಕೇಂದ್ರ ಸರಕಾರದ ಸಂರಕ್ಷಣಾ ಪ್ರಯೋಗಾಲಯದ ಶಾಖೆಯಿದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇನ್‌ಟ್ಯಾಕಿನ ಕೇಂದ್ರವಿದೆ. ಒಂದು ಪತ್ರ ಬರೆದು ಕೇಳುವ ಮೊದಲೇ ನಮ್ಮ ಕಮಿಟಿಗಳು ಏಣಿ ಹಚ್ಚಿರುತ್ತವೆ. ಹಳಬರ ಕೈ ಮುಚ್ಚುತ್ತದೆ, ದಾನಿಗಳ ಹೆಸರಿನ ಗ್ರಾನೈಟು ಕಲ್ಲು ಏಳುತ್ತದೆ.

ಬೇರೆಯವರನ್ನು ಯಾಕೆ ಅನ್ನಬೇಕು? ಸವಣೂರಿನಲ್ಲಿ ನಮ್ಮ ಫೂಫಿಯ ಮನೆಯ ದೀವಾನಖಾನೆಯಲ್ಲಿ ಸಾಗವಾನಿಯ ತೊಲೆಯ ಮೇಲೆ ದಾಳಿಂಬೆ ಹೂ, ಬಳ್ಳಿ, ಎರಡು ಗಿಳಿ ಬರೆದಿದ್ದವು. ತುದಿಯಲ್ಲಿ ಬೆರಳುದ್ದದ ಬರಹ. ಎರಡನೆಯ ಇಯತ್ತೆಯಲ್ಲಿದ್ದ ನಮ್ಮನ್ನು ದಾದಾ ಹೆಗಲ ಮೇಲೆ ಕೂರಿಸಿಕೊಂಡು ಓದಿಸಿದ್ದರು. 'ಅಮಲೆ' ಎಂಬುದು ನೆನಪಿದೆ. ಮುಂದಿನ ಹೆಸರು ನೆನಪಿಲ್ಲ. ಆಮೇಲೆ ಮನೆಯಲ್ಲಿ ಮದುವೆ ಬಂತು, ತೊಲೆಗೆ ಹಸಿರು ಎನಾಮಲ್ ಬಿತ್ತು. ಇನ್ನೊಂದು ಮದುವೆಗೆ ಕಂದು. ಆ ಸಲ ಬ್ರಷ್ ಹಿಡಿದು ಏಣಿ ಹತ್ತಿದವರಲ್ಲಿ ನಾವೂ ಒಬ್ಬರು, ಆಗ ನಮಗೆ ಹದಿನೆಂಟು.

ಕಳೆದ ತಿಂಗಳು ಫೂಫಿಯ ಮಗ ಫೋನು ಮಾಡಿದ್ದ. "ಭಾಯಿ, ನೀವು ಆ ತೊಲೆ ತೊಲೆ ಅಂತೀರಲ್ಲ, ಕೆರೆದು ನೋಡಲಾ? ಬಡಿಗ ಬಂದಾನ, ಉಜ್ಜೋ ಮಿಷನ್ ತಂದಾನ" ಎಂದ. ಬೇಡ, ಬಡಿಗನಿಗೆ ಚಹಾ ಕುಡಿಸಿ ಕಳಿಸು ಎಂದೆವು. ಬೆಂಗಳೂರಿಗೆ ಪತ್ರ ಬರೆದಿದ್ದೇವೆ, ತೊಲೆಯ ನಾಲ್ಕು ಫೋಟೋ ಇಟ್ಟು. ಫೋಟೋದಲ್ಲಿ ಕಂದು ಬಣ್ಣದ ಹೊರತು ಏನೂ ಕಾಣುವುದಿಲ್ಲ.